ಈರುಳ್ಳಿಗಿರುವ ಕಾಳಜಿ ಕೈಗಿಲ್ಲ

ಲಾಸಲಗಾಂವ್‌ನಲ್ಲಿ ಈರುಳ್ಳಿ ದರ ಏರುಪೇರಾದರೆ ದೆಹಲಿಗೆ ನಿದ್ದೆ ಬರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿದಾಗ ಅಲ್ಲಿ ಹರಾಜು ನಿಂತಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿದಾಗ ಮತ್ತೆ ಗಲಾಟೆಯಾಯಿತು. ಎರಡನ್ನೂ ನಾವು ಬೆಂಗಳೂರಿನಲ್ಲಿ ಕೂತು ಓದಿದೆವು. ಈರುಳ್ಳಿ ಮೊಳಕೆಯೊಡೆಯದಿರಲೆಂದು ಭಾಭಾ ಅಣು ಸಂಶೋಧನಾ ಕೇಂದ್ರ ಅದೇ ಊರಿನಲ್ಲಿ ವಿಕಿರಣ ಘಟಕವನ್ನೂ ಕಟ್ಟಿದೆ. ಈರುಳ್ಳಿ ಕೆಡಬಾರದು, ಒಪ್ಪೋಣ. ಅದನ್ನು ಆರಿಸುವ ಕೈ ಕೆಟ್ಟರೆ ಕೇಳುವವರು ಯಾರು?

ಹರಾಜಾದ ಮಾಲು ವ್ಯಾಪಾರಿಗಳ ಅಂಗಳಕ್ಕೆ ಹೋಗುತ್ತದೆ. ಅದನ್ನು ಅಲ್ಲಿ ಖಳೆ ಎನ್ನುತ್ತಾರೆ. ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆರಿಸುವವರಲ್ಲಿ ಹೆಂಗಸರೇ ಹೆಚ್ಚು. ಗಡ್ಡೆ ಎತ್ತಬೇಕು, ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಒಣಸಿಪ್ಪೆ ಉದುರಿಸಬೇಕು, ಕೊಳೆತದ್ದನ್ನೂ ಗೋಲ್ಟಿ ಎಂಬ ಸಣ್ಣ ಗಡ್ಡೆಯನ್ನೂ ಬೇರೆ ಎಸೆಯಬೇಕು. ಸಂಜೆಯವರೆಗೂ ಇದೇ. ಹೊಲದಲ್ಲಿ ಕುಡುಗೋಲು ಹಿಡಿದು ಗಡ್ಡೆಯ ತಲೆ ಕತ್ತರಿಸುವವರದ್ದೂ ಇದೇ ಪಾಡು.

ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಒರೆಯೊಳಗೆ ಜಾರುತ್ತವೆ. ಒರೆ ದಪ್ಪಗಾದರೆ ರಜ್ಜು ಉಜ್ಜುತ್ತದೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವೈನ್ ಇದನ್ನು ವಿವರಿಸಿದ್ದರಿಂದ ರೋಗಕ್ಕೆ ಅವನದೇ ಹೆಸರು. ಬಿಂದಿಗೆ ಎತ್ತುವಾಗ, ಬಟ್ಟೆ ಹಿಂಡುವಾಗ, ಕೂಸನ್ನು ಕಂಕುಳಲ್ಲಿ ಹಿಡಿದು ಎತ್ತುವಾಗ ಹೆಬ್ಬೆರಳ ಬುಡದಲ್ಲಿ ಚಳಕ್ಕೆಂದು ಹೊಡೆಯುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕೈಯನ್ನು ಕಿರುಬೆರಳ ಕಡೆ ಬಾಗಿಸಿದರೆ ಆ ನೋವು ಹೆಚ್ಚುತ್ತದೆ. ಅಂಗೈಯಲ್ಲಿ ಇದೇ ತೊಂದರೆಯಾದರೆ ಬೆರಳು ಮಡಿಚಿಕೊಂಡು ಸಿಕ್ಕಿಬೀಳುತ್ತದೆ, ಬಿಡಿಸಿದರೆ ಟಕ್ ಎನ್ನುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು.

ನಮ್ಮ ಜನ ಇದನ್ನು ‘ನರ ಹಿಡಿದಿದೆ’ ಎನ್ನುತ್ತಾರೆ, ‘ವಾಯು’ ಎನ್ನುತ್ತಾರೆ. ವೈದ್ಯರು ‘ಉರಿಯೂತ’ ಎನ್ನುತ್ತಾರೆ. ನನ್ನ ತಕರಾರು ಈ ಎರಡನೆಯ ಹೆಸರಿನ ಬಗ್ಗೆ. ಹಳೆಯದಾದ ಇಂಥ ಒರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಉರಿಯೂತಕ್ಕಿಂತ ಹೆಚ್ಚಾಗಿ ಕಂಡದ್ದು ಸವೆತ ಮತ್ತು ದಪ್ಪಗಾದ ಅಂಗಾಂಶ. ಉರಿಯೂತ ಎಂದರೆ ಗುಳಿಗೆ ಸಾಕು ಅನ್ನಿಸುತ್ತದೆ. ಸವೆತ ಎಂದರೆ ಸವೆಸಿದ್ದು ಯಾವುದು ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆ ಯಾರಿಗೂ ಬೇಡ. ಆಕೆ ವರ್ಷಗಟ್ಟಲೆ ನೋವಿನ ಗುಳಿಗೆ ನುಂಗುತ್ತಾಳೆ, ಹೊಟ್ಟೆ ಮತ್ತು ಮೂತ್ರಪಿಂಡ ಅದರ ಬೆಲೆ ತೆರುತ್ತವೆ.

ಚಿಕಿತ್ಸೆ ಇಲ್ಲವೆಂದಲ್ಲ. ಹೆಬ್ಬೆರಳೂ ಮಣಿಕಟ್ಟೂ ಅಲುಗದಂತೆ ಕೆಲವು ವಾರ ಪಟ್ಟಿ ಕಟ್ಟಬಹುದು. ಒರೆಯೊಳಗೆ ಕೊಡುವ ಒಂದು ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಬಹಳ ಮಂದಿಗೆ ಗುಣವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು. ಇದಕ್ಕೂ ಬಗ್ಗದಿದ್ದರೆ ಒರೆಯನ್ನು ಸೀಳಿ ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಒಂದು ಎಚ್ಚರ: ಕುಡುಗೋಲು ತಗುಲಿದ ಬೆರಳು ಇಡಿಯಾಗಿ ಊದಿ, ಕೆಂಪಾಗಿ, ನೇರ ಮಾಡಿದರೆ ಪ್ರಾಣ ಹೋಗುವಂತೆ ನೋವಾದರೆ ಅದು ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆದರೆ ಎಲ್ಲ ಚೀಟಿಯ ಮೊದಲ ಸಾಲು ‘ವಿಶ್ರಾಂತಿ’. ದಿನಗೂಲಿಯವಳಿಗೆ ಅದು ಔಷಧಿಯಲ್ಲ, ದಂಡ. ಕಚೇರಿಯವರಿಗೆ ಸಂಬಳದ ರಜೆ ಸಿಗುತ್ತದೆ. ಇವಳು ಕೂತರೆ ಕೂಲಿ ಹೋಯಿತು, ಜಾಗವೂ ಹೋಯಿತು.

ಕಾನೂನು ಏನನ್ನುತ್ತದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇದೇ ಮಣಿಕಟ್ಟಿನ ರೋಗವಿದೆ, ಕಾರಣಗಳ ಸಮೇತ: ಮತ್ತೆ ಮತ್ತೆ ಅದೇ ಚಲನೆ, ಬಲಪ್ರಯೋಗ, ವಕ್ರ ಭಂಗಿ. ಖಳೆಯಲ್ಲಿ ಮೂರೂ ಇವೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ 29 ರೋಗಗಳಿದ್ದವು. ಸೀಸದ ವಿಷವಿತ್ತು, ಸಿಲಿಕೋಸಿಸ್ ಇತ್ತು, ಸ್ನಾಯುರಜ್ಜು ಇರಲಿಲ್ಲ. 2020ರ ಸಂಹಿತೆ ಬರೆಯುವಾಗಲೂ ಅದಕ್ಕೆ ಜಾಗ ಸಿಗಲಿಲ್ಲ. ಮಂಡಿಯ ಹಮಾಲರಿಗಾಗಿ 1969ರಲ್ಲೇ ಮಥಾಡಿ ಕಾಯ್ದೆ ತಂದ ರಾಜ್ಯ ಮಹಾರಾಷ್ಟ್ರ. ಮಥಾಡಿ ಎಂದರೆ ತಲೆಹೊರೆಯವನು. ಅವನ ಚೀಲ ತೂಕಕ್ಕೆ ಸಿಗುತ್ತದೆ. ಒಂದೊಂದೇ ಗಡ್ಡೆ ಎತ್ತುವವಳ ಭಾರಕ್ಕೆ ತಕ್ಕಡಿಯೇ ಇಲ್ಲ.

‘ವಯಸ್ಸಾದರೆ ಕೈ ನೋಯದೇ?’ ಎನ್ನುವವರಿದ್ದಾರೆ. ನೋಯುತ್ತದೆ. ಬಾಣಂತಿಯರಿಗೂ ಈ ರೋಗ ಬರುತ್ತದೆ, ಎಲ್ಲವೂ ಕೆಲಸದಿಂದಲೇ ಎಂದು ನಾನು ಹೇಳುತ್ತಿಲ್ಲ. ಆದರೆ ಕಾರಣ ಹಲವಿದ್ದಾಗ ಬದಲಾಯಿಸಬಹುದಾದದ್ದನ್ನು ಮೊದಲು ಬದಲಾಯಿಸಬೇಕಲ್ಲವೇ? ‘ಯಂತ್ರ ಬರುತ್ತದೆ’ ಎನ್ನುವವರೂ ಇದ್ದಾರೆ. ಬರಲಿ. ಅದು ಬಂದ ದಿನ ಇವಳ ಕೂಲಿ ಹೋಗುತ್ತದೆ, ಕೆಟ್ಟ ಕೈ ಇವಳ ಬಳಿಯೇ ಉಳಿಯುತ್ತದೆ.

ಬೇಕಾದದ್ದು ದೊಡ್ಡದೇನಲ್ಲ. ರಾಶಿಯನ್ನು ನೆಲದಿಂದ ಮೇಜಿನೆತ್ತರಕ್ಕೆ ತನ್ನಿ. ಕುಡುಗೋಲಿಗೆ ದಪ್ಪ ಹಿಡಿ, ಹರಿತ ಅಲಗು ಕೊಡಿ. ಗಂಟೆಗೊಮ್ಮೆ ಕೂಲಿ ಕಡಿಯದ ಬಿಡುವು ಕೊಡಿ, ಆರಿಸುವವರನ್ನೂ ಮಂಡಳಿಯಲ್ಲಿ ನೋಂದಾಯಿಸಿ, ರೋಗವನ್ನು ಪಟ್ಟಿಗೆ ಸೇರಿಸಿ. ಖರ್ಚು ಬೀಳುತ್ತದೆ, ಕಿಲೋಗೆ ಕೆಲವು ಪೈಸೆ ನಮ್ಮ ಮೇಲೂ ಬೀಳಬಹುದು. ಬೀಳಲಿ.

ರೋಗಿಯನ್ನು ‘ನಿನ್ನ ಕಸುಬೇನು?’ ಎಂದೂ ಕೇಳಬೇಕೆಂದು ಇಟಲಿಯ ವೈದ್ಯ ರಮಾಜಿನಿ 1700ರಲ್ಲೇ ಬರೆದ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವಳನ್ನು, ಮಂಗಳೂರಿನಲ್ಲಿ ಬೀಡಿ ಕಟ್ಟುವವಳನ್ನು ನಮ್ಮ ವೈದ್ಯರು ಹಾಗೆ ಕೇಳುತ್ತಿದ್ದಾರೆಯೇ? ಅವರು ಕೇಳದಿದ್ದರೆ, ಚೀಟಿ ಹಿಡಿದು ಜೊತೆಗೆ ಹೋದ ನೀವಾದರೂ ಹೇಳಿ: ಡಾಕ್ಟ್ರೇ, ಇವರ ಕೆಲಸ ಇಂಥದು.