ಕೇಳಿದರಷ್ಟೇ ಸಾಲದು, ಬಾಯಿ ಬಿಡಬೇಕು

ಸಂಜೆ ಹೊತ್ತು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಬನಶಂಕರಿಗೋ ಬಿಟಿಎಂ ಲೇಔಟಿಗೋ ಬಸ್ಸು ಕಾಯುವವರ ಕಣ್ಣೆಲ್ಲ ಮೊಬೈಲಿನ ಮೇಲೆ. ಅವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿಯರೂ ಇರುತ್ತಾರೆ. ಗಿರಾಕಿ ಇಂಗ್ಲಿಷಿನಲ್ಲಿ ಕೇಳಿದ್ದು ಅವರಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಒಳ್ಳೆಯ ಸಂಬಳದ ಕೆಲಸಕ್ಕೆ ಸಂದರ್ಶನಕ್ಕೆ ಹೋದರೂ ಅದೇ ಕಥೆ. ಕೊರತೆ ಬುದ್ಧಿಯದಲ್ಲ, ಅಭ್ಯಾಸದ್ದು.

ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ನೀಡುವ ಪ್ರಾದೇಶಿಕ ಸಂಸ್ಥೆ ಬೆಂಗಳೂರಿನಲ್ಲಿ 1963ರಲ್ಲೇ ಆರಂಭವಾಯಿತು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಪಾಠ ಉಂಟು. ಆದರೆ ಲೆಕ್ಕ ಹಾಕಿ: ಪಿರಿಯಡ್ಡು 40 ನಿಮಿಷ, ಮಕ್ಕಳು 40. ಮೇಷ್ಟ್ರು ಸುಮ್ಮನೆ ಕುಳಿತರೂ ತಲೆಗೊಂದೇ ನಿಮಿಷದ ಮಾತು!

ಈ ಕೊರತೆಯನ್ನು ಸಾಮಾಜಿಕ ಜಾಲತಾಣ ತುಂಬಬಲ್ಲದು. ಯೂಟ್ಯೂಬಿನ ಪಾಠವನ್ನು ಮುಕ್ಕಾಲು ವೇಗಕ್ಕೆ ಇಳಿಸಿ ಕೇಳಬಹುದು. ಆದರೆ ಬರೀ ಕೇಳಿದರೆ ಸಾಲದು. ನಾಲ್ಕು ಮಂದಿ ಗೆಳತಿಯರು ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡು, ದಿನಕ್ಕೆ ಒಂದು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಿ ಧ್ವನಿಸಂದೇಶ ಕಳಿಸಲಿ. ಕಳಿಸುವ ಮೊದಲು ತಮ್ಮ ದನಿಯನ್ನು ತಾವೇ ಕೇಳಲಿ. ತಪ್ಪು ಕಿವಿಗೇ ಹೊಳೆಯುತ್ತದೆ. ‘ಜಯನಗರಕ್ಕೆ ಹೋದೆ’ ಎನ್ನುವಾಗ ಕನ್ನಡದ ‘ಕ್ಕೆ’ ಊರಿನ ಹಿಂದೆ ಬರುತ್ತದೆ. ‘ಐ ವೆಂಟ್ ಟು ಜಯನಗರ’ ಎನ್ನುವಾಗ ಇಂಗ್ಲಿಷಿನ ‘ಟು’ ಊರಿನ ಮುಂದೆ ನಿಲ್ಲುತ್ತದೆ. ಇಂಥ ವ್ಯತ್ಯಾಸ ನಾಲಿಗೆಗೆ ಹತ್ತುವುದು ಆಡಿದಾಗಲೇ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ. ಮೊದಲ ದಿನವೇ ಮರೆವು ಹೆಚ್ಚು. ಆದ್ದರಿಂದ ಇಂದು ಕಲಿತ ಐದು ಪದಗಳನ್ನು ನಾಳೆ ಬಳಸಿ, ಮೂರು ದಿನ ಬಿಟ್ಟು ಮತ್ತೆ ಬಳಸಿ, ವಾರದ ನಂತರ ಇನ್ನೊಮ್ಮೆ ಬಳಸಬೇಕು.

ಎರಡು ಎಚ್ಚರಿಕೆಗಳು. ಹರಟೆಯಲ್ಲಿ ಪದಗಳನ್ನು ಮೊಟಕು ಮಾಡುವ ಚಟ ಕೆಲಸದ ಅರ್ಜಿಗೂ ನುಸುಳೀತು; ಪೂರ್ತಿ ಕಾಗುಣಿತ ಬರೆಯುವುದೇ ಲೇಸು. ಇಂಗ್ಲಿಷ್ ಕಲಿಸುವ ನೆಪದಲ್ಲಿ ಅಪರಿಚಿತರು ಫೋಟೋ, ಹಣ ಕೇಳಿದರೆ ಕೊಡಬಾರದು.

ಮನೆಯವರಿಗೂ ಒಂದು ಮಾತು. ಮಗಳು ಮೊಬೈಲು ಹಿಡಿದು ತಪ್ಪು ತಪ್ಪಾಗಿ ಇಂಗ್ಲಿಷ್ ಒಪ್ಪಿಸುತ್ತಿದ್ದರೆ ನಗಬೇಡಿ. ಒಮ್ಮೆ ನಕ್ಕರೆ ತಿಂಗಳ ಧೈರ್ಯ ಹೋಗುತ್ತದೆ. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.