ಸಜ್ಜದ ಕಂಬಿ

ಬಳ್ಳಾರಿ ಹತ್ತಿರದ ಕೊಳಗಲ್ಲಿನಲ್ಲಿ ಪರಿಚಯದವರೊಬ್ಬರು ಮನೆ ಕಟ್ಟಿಸುತ್ತಿದ್ದಾಗ ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಹಿಂದಿನ ವಾರವಷ್ಟೇ ಕ್ಯಾಂಟಿಲಿವರ್ ಲೆಕ್ಕಕ್ಕೆ ಪೂರ್ತಿ ಅಂಕ ಬಿದ್ದಿತ್ತು. ಆ ಹುರುಪಿನಲ್ಲೇ ಸೆಂಟ್ರಿಂಗ್ ಹತ್ತಿ, ಸಜ್ಜಕ್ಕೆ ಕಟ್ಟಿದ್ದ ಕಂಬಿಯನ್ನು ತುಳಿದುಕೊಂಡು ಈ ತುದಿಯಿಂದ ಆ ತುದಿಗೆ ಹೋದೆ.

"ತಮ್ಮಾ, ಕಾಲು ತಗಿ. ಮ್ಯಾಲಿನ ಕಂಬಿ ಮ್ಯಾಲೇ ಇರ್ಬೇಕು" ಅಂದರು ಮೇಸ್ತ್ರಿ.

ಸಜ್ಜ ಗೋಡೆಯಿಂದ ಹೊರಚಾಚಿ ನಿಲ್ಲುವುದರಿಂದ ಎಳೆತ ಬೀಳುವುದು ಅದರ ಮೇಲ್ಭಾಗಕ್ಕೆ. ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಅದಕ್ಕೇ ಕಂಬಿ ಮೇಲೆ. ಇದೆಲ್ಲ ನನಗೆ ಬಾಯಿಪಾಠ. ನಾಲ್ಕು ಇಂಚಿನ ಸಜ್ಜದಲ್ಲಿ ಕಂಬಿ ಎರಡು ಇಂಚು ಕೆಳಗೆ ಕೂತರೆ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬ ಲೆಕ್ಕವೂ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಅದೇ ಮೇಸ್ತ್ರಿ ಮಧ್ಯಾಹ್ನ, ಕಲಸಿದ ಮಾಲು ಬಿಗಿಯಾಯಿತೆಂದು ಎರಡು ಕೊಡ ನೀರು ಸುರಿಸಿದರು. ಕಾಂಕ್ರೀಟು ಸಲೀಸಾಗಿ ಹರಿಯಿತು. ಸಿಮೆಂಟಿಗೆ ನೀರಿನ ಪ್ರಮಾಣ ಏರಿದಷ್ಟೂ ಬಲ ಇಳಿಯುತ್ತದೆಂದು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟಿದ್ದ. ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಕಂಬಿ ತುಳಿದವನ ಮಾತನ್ನು ಮಧ್ಯಾಹ್ನ ಯಾರು ಕೇಳುತ್ತಾರೆ?

ಎಂಜಿನಿಯರಿಂಗ್ ಹುಡುಗರಿಗೆ ಕೈಯಾರೆ ಕಟ್ಟಿಸಿಯೇ ಪಾಠ ಹೇಳಬೇಕು ಎಂಬ ವಾದ ಕೇಳಿದಾಗಲೆಲ್ಲ ನನಗೆ ಆ ದಿನದ ಎರಡೂ ಹೊತ್ತು ನೆನಪಾಗುತ್ತವೆ.

ಬಳ್ಳಾರಿಯಲ್ಲಿ ಸಿವಿಲ್ ಓದುವವರಿಗೆ ಕಾಲೇಜಿನ ಕೊರತೆಯಿಲ್ಲ. 1980ರಲ್ಲಿ ಶುರುವಾಗಿ ಈಗ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರಿನಲ್ಲಿರುವ ಕಾಲೇಜಿದೆ, 1997ರ ಬಿಐಟಿಎಂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿ ಕೈಗೆ ಕೆಲಸವೇ ಇಲ್ಲ ಎನ್ನುವುದೂ ತಪ್ಪು. ಸರ್ವೆ ಕ್ಯಾಂಪಿಗೆ ಹೋಗಿ ಹೊಸ ಕೆರೆ, ಹಳೆ ಕೆರೆ, ರಸ್ತೆ, ನೀರು ಪೂರೈಕೆ ಎಂದು ಬಿಸಿಲಲ್ಲಿ ಅಳೆಯುತ್ತಾರೆ. ಅಳೆದು ಬರುತ್ತಾರೆ, ಒಂದು ಕಲ್ಲೂ ಇಟ್ಟು ಬರುವುದಿಲ್ಲ. ಲ್ಯಾಬಿನಲ್ಲಿ 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು 28 ದಿನ ನೀರಲ್ಲಿಟ್ಟು ಒಡೆಯುತ್ತಾರೆ. ಎಂಟು ಕಿಲೋ ತೂಗುವ, ಎಂ-20 ದರ್ಜೆಯ ಕಾಂಕ್ರೀಟಿನ ಘನ 45 ಟನ್ ಹೊತ್ತ ಮೇಲೆ ಸಿಡಿಯುವಾಗ ಆಗುವ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು. ಆದರೆ ಆ ಘನದಲ್ಲಿ ಕಂಬಿ ಇರುವುದಿಲ್ಲ, ತುಳಿಯುವ ಪ್ರಶ್ನೆಯೇ ಬರುವುದಿಲ್ಲ.

ಕೈ ಹಾಕಿದಾಗ ಮಾತ್ರ ತಿಳಿಯುವ ಸಂಗತಿಗಳಿವೆ ಎಂಬುದೇ ಕಟ್ಟಿಸಬೇಕು ಎನ್ನುವವರ ಬಲವಾದ ಮಾತು. ನಕ್ಷೆಯಲ್ಲಿ ಗೆರೆಯಾಗಿರುವ ಎರಡು ಮೀಟರಿನ ತೊಲೆ ಎತ್ತಲು ಹೋದಾಗ ಸುಮಾರು 150 ಕಿಲೋ ಆಗಿರುತ್ತದೆ, ನಾಲ್ಕು ಜನ ಬೇಕಾಗುತ್ತದೆ. ಕಂಬಿಯ ಅಡಿಗಿಡುವ ಕವರ್ ಬ್ಲಾಕ್ ಮರೆತ ಕಡೆ ಕಂಬಿ ಬೆತ್ತಲೆಯಾಗಿ ಕಾಣುತ್ತದೆ. ರಸಮಟ್ಟದ ಗುಳ್ಳೆ ನಡುವೆ ನಿಲ್ಲಲು ಎಷ್ಟು ಸತಾಯಿಸುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ದೊಡ್ಡ ಸಂಶೋಧಕರೂ ಈ ದಾರಿ ಹಿಡಿದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮಕ್ಕೆ ಹೋಗಿ ಕೂತಿತು. ಅದರ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪ್ರಯೋಗಾಲಯದಿಂದ ಗೋಡೆಗೆ ತಂದದ್ದು ಅಂಥ ಕೆಲಸದಿಂದಲೇ.

ಇನ್ನೊಂದು ಕಡೆಯ ಮಾತಿಗೂ ತೂಕವಿದೆ. ಕಾಲೇಜು ಹಬ್ಬಗಳಲ್ಲಿ ಐಸ್‌ಕ್ರೀಮ್ ಕಡ್ಡಿಯ ಸೇತುವೆ ಸ್ಪರ್ಧೆ ಇಡುತ್ತಾರಲ್ಲ, ಇನ್ನೂರು ಗ್ರಾಮಿನ ಸೇತುವೆ ಮೂವತ್ತು ಕಿಲೋ ಹೊತ್ತಿತೆಂದು ಚಪ್ಪಾಳೆ ಬೀಳುತ್ತದೆ. ಅದೇ ಆಕಾರವನ್ನು ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟು, ಅದನ್ನು ಹೊರುವ ಅಡ್ಡಕೊಯ್ತ ನೂರೇ ಪಟ್ಟು. 1638ರಲ್ಲಿ ಗೆಲಿಲಿಯೊ ಹೇಳಿದ ಈ ಸಂಗತಿಯನ್ನು ಕಡ್ಡಿಯ ಸೇತುವೆ ಮರೆಸಿಬಿಡುತ್ತದೆ. ದೊಡ್ಡದನ್ನೇ ಕಟ್ಟಿಸೋಣವೆಂದರೆ ಜೀವದ ಪ್ರಶ್ನೆ. 2009ರ ಜನವರಿಯಲ್ಲಿ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಅಲ್ಲಿ ಇದ್ದವರು ಕಸುಬು ಬಲ್ಲವರೇ. ಇನ್ನು ಗುಂಪಿನ ಪ್ರಾಜೆಕ್ಟಿನ ಗತಿ ಗೊತ್ತಿದ್ದದ್ದೇ. ಇಬ್ಬರು ಮಾಲು ಕಲಸುತ್ತಾರೆ, ನಾಲ್ವರು ಫೋಟೊ ಹಿಡಿಯುತ್ತಾರೆ, "ರಿಪೋರ್ಟು ನೀವು ಬರೀರಿ" ಎಂದು ಹುಡುಗಿಯರನ್ನು ನೆರಳಿಗೆ ಕೂರಿಸುತ್ತಾರೆ.

ನನಗೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಣುವುದು ನಮ್ಮ ನೆಲದಲ್ಲೇ. ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೋದಂತೆಲ್ಲ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಇದರ ಮೇಲೆ ಎಂಥ ಪಾಯ ಹಾಕಿ ಗೋಡೆ ಎಬ್ಬಿಸಿದರೂ ನೆಟ್ಟಗೇ ನಿಲ್ಲುತ್ತದೆ, ಅಂಕವೂ ಬೀಳುತ್ತದೆ. ಬಿರುಕು ಬರುವುದು ಎರಡನೇ ಬೇಸಿಗೆಗೆ. ಅಷ್ಟರಲ್ಲಿ ಕಟ್ಟಿದ ಹುಡುಗ ಬೆಂಗಳೂರಿನಲ್ಲಿ ಕೆಲಸ ಹಿಡಿದಿರುತ್ತಾನೆ. ಮಣ್ಣು ಉಬ್ಬಿ ಕುಗ್ಗುವ ಪದರವನ್ನು ದಾಟಿ, ತುದಿಯಲ್ಲಿ ಗಡ್ಡೆಯಿರುವ ಕಂಬವನ್ನು ನೆಲದೊಳಗೆ ಇಳಿಸಬೇಕೆಂಬ ಜ್ಞಾನ ಒಂದು ಗೋಡೆ ಕಟ್ಟಿದವನಿಗೆ ಬಂದದ್ದಲ್ಲ. ಸಾವಿರ ಬಿರುಕು ನೋಡಿ ಲೆಕ್ಕ ಹಾಕಿದವರಿಂದ ಬಂದದ್ದು.

ಹಿಂದಿನವರು ಲೆಕ್ಕವಿಲ್ಲದೆ ಕಟ್ಟಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೊಳಗಲ್ಲು 967ರ ರಾಷ್ಟ್ರಕೂಟ ಶಾಸನವಿರುವ ಊರು. ಆ ಕಾಲದ ಕಲ್ಲುಕುಟಿಗರಿಗೆ ಡಿಗ್ರಿ ಇರಲಿಲ್ಲ, ನಿಜ. ಆದರೆ ನಾವು ನೋಡುವುದು ನಿಂತದ್ದನ್ನು ಮಾತ್ರ. ಬಿದ್ದದ್ದರ ಕಲ್ಲು ಯಾರದೋ ಹೊಲದ ಒಡ್ಡಿನಲ್ಲಿರುತ್ತದೆ. ಮಣ್ಣಿನ ಮಾಳಿಗೆಯ ಮನೆಯವರ ಜಾಣತನವೂ ಕಟ್ಟುವುದರಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ, ಮಳೆಗೆ ಮುಂಚೆ ಮಾಳಿಗೆ ಹತ್ತಿ ಸವಳು ಮಣ್ಣು ಹಾಕಿ ಸೋರದಂತೆ ನೋಡಿಕೊಳ್ಳುವುದರಲ್ಲಿತ್ತು.

ಹಾಗಾಗಿ ನನ್ನ ಒಲವು ಸ್ವಲ್ಪ ಬೇರೆ ಕಡೆಗಿದೆ. ಹುಡುಗರು ಒಂದು ತೊಲೆಯನ್ನಾದರೂ ತಾವೇ ಲೆಕ್ಕ ಹಾಕಿ, ಕಂಬಿ ಕಟ್ಟಿ, ಎರಕ ಹೊಯ್ದು, ಕೊನೆಗೆ ಒಡೆಯಲಿ. ಎಷ್ಟಕ್ಕೆ ಒಡೆಯುತ್ತದೆಂದು ಮೊದಲೇ ಬರೆದಿಟ್ಟಿರಲಿ. ಊರಿಗೆ ಬಸ್ ತಂಗುದಾಣ ಕಟ್ಟಿಕೊಡುವ ಹುಮ್ಮಸ್ಸಿಗೆ ಮಾತ್ರ ನಾನು ತಕ್ಷಣ ಹೂಂ ಅನ್ನಲಾರೆ. ಅದರ ಬದಲು ಬಿರುಕು ಬಿಟ್ಟ ಹತ್ತು ಮನೆಗೆ ಕಳಿಸಿ ಕಾರಣ ಹುಡುಕಿಸುವುದು ಮೇಲು. ಹಳೆಯದನ್ನು ನೋಡುವ ಕಣ್ಣು ಎಷ್ಟು ಬೇಕೆಂಬುದಕ್ಕೆ ನಮ್ಮ ಅಣೆಕಟ್ಟೇ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಏಳು ದಶಕ ದುಡಿದ ಅಣೆಕಟ್ಟು ಅದು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿದ ಆ ವಾರ ವರ್ಕ್‌ಶಾಪಿನ ಬೆಸುಗೆಯವನೂ ಬೇಕಾಗಿದ್ದ, ನೀರಿನ ಒತ್ತಡದ ಲೆಕ್ಕ ಬಲ್ಲವನೂ ಬೇಕಾಗಿದ್ದ. ಆದರೆ ಹಳೆಯ ಚೈನಿನ ಕೊಂಡಿಯನ್ನು ನೋಡಿ ಅನುಮಾನಪಡುವುದನ್ನು ನಮ್ಮ ತರಗತಿಯೂ ಕಲಿಸುವುದಿಲ್ಲ, ಹೊಸ ಕಟ್ಟಡದ ಪ್ರಾಜೆಕ್ಟೂ ಕಲಿಸುವುದಿಲ್ಲ.

ಮೊನ್ನೆ ಕೊಳಗಲ್ಲಿಗೆ ಹೋದಾಗ ಆ ಮನೆ ನೋಡಿ ಬಂದೆ. ಸಜ್ಜ ನಿಂತಿದೆ. ಅದರ ಕೆಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿದೆ. ಎರೆ ಮಣ್ಣಿನದೋ, ಅಂದು ಸುರಿದ ಎರಡು ಕೊಡ ನೀರಿನದೋ, ನೋಡಿದರೆ ತಿಳಿಯುವಂತಿಲ್ಲ. ಬಿರುಕು ಹಿಗ್ಗಿದರೆ ಒಡೆದು ತಿಳಿಸಲೆಂದು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿದ್ದೇನೆ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ ಹೋಗಬೇಕು.