ಬ್ರಿಯೋಶ್ ಎಂದರೆ ಕೇಕ್ ಅಲ್ಲ

ಜನರಿಗೆ ಬ್ರೆಡ್ ಸಿಗದಿದ್ದರೆ ಕೇಕ್ ತಿನ್ನಲಿ ಎಂದು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಹೇಳಿದಳಂತೆ. ಭಾಷಣ, ಕ್ವಿಜ್, ರೀಲ್ಸ್ ಎಲ್ಲೆಡೆ ಈ ಕಥೆ ಓಡಾಡುತ್ತಲೇ ಇದೆ. ಆದರೆ ಫ್ರೆಂಚ್ ಮೂಲದಲ್ಲಿ ಕೇಕ್ ಎಂಬ ಪದವೇ ಇಲ್ಲ. ಅಲ್ಲಿರುವುದು ‘ಬ್ರಿಯೋಶ್’. ಅಂದರೆ ಹಿಟ್ಟಿಗೆ ಮೊಟ್ಟೆ, ಬೆಣ್ಣೆ, ಸ್ವಲ್ಪ ಸಕ್ಕರೆ ಸೇರಿಸಿ, ಯೀಸ್ಟ್‌ನಿಂದ ಹುದುಗಿಸಿ ಬೇಯಿಸುವ ಮೆತ್ತನೆಯ ಸಿಹಿ ಬ್ರೆಡ್.

ಆ ಮಾತು ರಾಣಿಯದ್ದು ಎನ್ನುವುದಕ್ಕೂ ಆಧಾರವಿಲ್ಲ. ಅದು ಬರುವುದು ರೂಸೋನ ಆತ್ಮಕಥೆಯಲ್ಲಿ. ಆ ಭಾಗವನ್ನು ಆತ ಬರೆದದ್ದು 1760ರ ದಶಕದಲ್ಲಿ. ಅಲ್ಲಿ ಒಬ್ಬ ರಾಜಕುಮಾರಿಯ ಪ್ರಸ್ತಾಪವಿದೆ, ಹೆಸರಿಲ್ಲ. 1755ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮೇರಿ, ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಕಥೆ ಕುಸಿಯುತ್ತದೆ.

ಬ್ರಿಯೋಶ್ ಹೆಸರಿಗೂ ಇಂಥದ್ದೇ ಒಂದು ಕಥೆ ಅಂಟಿಕೊಂಡಿದೆ. ಮೊದಲು ಇದರ ಹಿಟ್ಟಿಗೆ ಬ್ರೀ ಪ್ರಾಂತ್ಯದ ಚೀಸ್ ಹಾಕುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಕೂಡ ಹೇಳಿದ್ದ. ಕೇಳಲು ಚೆಂದ. ಆದರೆ ಭಾಷಾತಜ್ಞರು ಒಪ್ಪುವ ಮೂಲ ಇನ್ನೊಂದು. ಫ್ರಾನ್ಸಿನ ಉತ್ತರಕ್ಕಿರುವ, ಬೆಣ್ಣೆಗೆ ಹೆಸರಾದ ನಾರ್ಮಂಡಿಯ ಆಡುಮಾತಿನಲ್ಲಿ ‘ಬ್ರಿಯೆ’ ಎಂಬ ಕ್ರಿಯಾಪದವಿತ್ತು. ಅರ್ಥ, ಹಿಟ್ಟನ್ನು ಮರದ ಸಾಧನದಿಂದ ಒತ್ತಿ ಒತ್ತಿ ನಾದುವುದು. ಅದರಿಂದಲೇ ಬ್ರಿಯೋಶ್ ಬಂತು. ನಾರ್ಮಂಡಿಯಲ್ಲಿ ಇಂದಿಗೂ ಮಾಡುವ ‘ಪ್ಯಾಂ ಬ್ರಿಯೆ’ ಎಂಬ ಗಟ್ಟಿ ಬ್ರೆಡ್ಡಿನ ಹೆಸರೂ ಇದೇ ಬೇರಿನದು. ಬ್ರಿಯೋಶ್ ಎಂಬ ಪದ 1404ರಷ್ಟು ಹಿಂದೆಯೇ ಬರಹದಲ್ಲಿ ಸಿಗುತ್ತದೆ.

ಇದರಲ್ಲಿ ರಾಣಿಯಿಲ್ಲ, ಚೀಸ್ ಇಲ್ಲ, ಬರೀ ನಾದುವ ಕೆಲಸವಿದೆ. ಹಾಗಾಗಿಯೇ ಈ ಕಥೆ ಯಾರ ಬಾಯಿಗೂ ಬರುವುದಿಲ್ಲ. ನನಗೆ ಮಾತ್ರ ಇದೇ ಹೆಚ್ಚು ಇಷ್ಟ. ಸಿರಿವಂತರ ಸೊಕ್ಕಿಗೆ ಗುರುತಾಗಿ ನಾವು ಬಳಸುವ ತಿಂಡಿಯ ಹೆಸರಿನೊಳಗೆ, ಹಿಟ್ಟು ನಾದಿದವರ ದುಡಿಮೆ ಅಡಗಿದೆ!

ಅರಮನೆಯ ದುಂದುವೆಚ್ಚ, ಹೊರಗಿನ ಹಸಿವು ಎರಡೂ ನಿಜವೇ. ಆದರೆ ನಿಜಕ್ಕೆ ಸುಳ್ಳು ಸಾಕ್ಷಿ ಬೇಕಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವು ಒಂದು ಸಾಲಿನ ಉತ್ತರಗಳನ್ನು ನೂರಾರು ಲೆಕ್ಕದಲ್ಲಿ ಉರು ಹೊಡೆಯುತ್ತೇವೆ. ಯಾರು ಹೇಳಿದರು ಎಂಬುದರ ಜೊತೆಗೆ ಮೊದಲು ಎಲ್ಲಿ ಬರೆದಿದೆ, ಯಾವ ಇಸವಿಯಲ್ಲಿ ಎಂದೂ ಕೇಳೋಣ. ಎರಡು ನಿಮಿಷದ ಕೆಲಸ. ಅಷ್ಟು ಮಾಡದ ಕಾರಣಕ್ಕೇ, 1793ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟ ಹೆಣ್ಣೊಬ್ಬಳು ತಾನು ಆಡಿದ್ದಕ್ಕೆ ಆಧಾರವೇ ಇಲ್ಲದ ಮಾತನ್ನು ಇವತ್ತಿಗೂ ಹೊತ್ತಿದ್ದಾಳೆ.